ಮಿಸ್‌ಗೆ ಕೊಬ್ಬು ಜಾಸ್ತಿ

ಹೋದ ವರ್ಷ ಜೂನ್‌ನಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ಬಂದ ದಿನ ನಮ್ಮ ಯಜಮಾನ್ರು ಅದನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಕನ್ನಡಕ ತೆಗೆದರು. "ನಿಂಗೆ ಕೊಬ್ಬು ಜಾಸ್ತಿ ಅಂತ 28 ವರ್ಷದಿಂದ ಹೇಳ್ತಾನೇ ಇದೀನಿ. ಈಗ ಲ್ಯಾಬ್‌ನವರೂ ಬರೆದುಕೊಟ್ಟಿದ್ದಾರೆ ನೋಡು" ಅಂದರು. ಅಡುಗೆಮನೆಯಿಂದ ಅತ್ತೆ ನಕ್ಕದ್ದು ಕೇಳಿಸಿತು. ನಾನೂ ನಕ್ಕೆ.

ನಗೋಕೆ ಧೈರ್ಯ ಇತ್ತು. ನನಗೆ ಶುಗರ್ ಬಂದು 9 ವರ್ಷ. ಮಾತ್ರೆ ತಪ್ಪಿಸಿಲ್ಲ, ಸಕ್ಕರೆ ಹಾಕಿದ ಕಾಫಿ ಮುಟ್ಟಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.9 ಇತ್ತು, 7ರ ಒಳಗೆ. ಒಟ್ಟು ಕೊಲೆಸ್ಟ್ರಾಲ್ 198. ಅದಕ್ಕೆ ಲ್ಯಾಬ್‌ನವರು ಹಾಕಿದ್ದ ಗಡಿ 200. ಅಂದ್ರೆ ಎರಡರಲ್ಲೂ ಪಾಸು. ನಡುವೆ ಎರಡು ಸಾಲು ದಪ್ಪಕ್ಷರದಲ್ಲಿದ್ದವು: ರಕ್ತದಲ್ಲಿ ಓಡಾಡೋ ಕೊಬ್ಬು ಟ್ರೈಗ್ಲಿಸರೈಡ್ 290, 'ಒಳ್ಳೇ ಕೊಲೆಸ್ಟ್ರಾಲ್' ಎಚ್‌ಡಿಎಲ್ 36. ನಾವು ಓದಿದ ಕಾಲದ ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ 35 ಬಂದರೆ ಪಾಸು, ಹಾಗಾಗಿ 36 ನೋಡಿ ನನಗೇನೂ ಅನ್ನಿಸಲಿಲ್ಲ.

ಡಾಕ್ಟ್ರು ಚಿಕ್ಕ ವಯಸ್ಸಿನವರು. ರಿಪೋರ್ಟ್ ತೆಗೆದುಕೊಂಡು 198ರ ಮೇಲೆ ಪೆನ್ನಿನಿಂದ ಗೀಟು ಹಾಕಿಬಿಟ್ಟರು. "ಮೇಡಂ, ಇದನ್ನ ನೋಡಬೇಡಿ. ಶುಗರ್ ಇರೋರಿಗೆ ಮೋಸ ಮಾಡೋದೇ ಈ ಟೋಟಲ್ಲು." ಎಚ್‌ಡಿಎಲ್‌ನಲ್ಲಿ ಪಾಸಾಗೋಕೆ ಗಂಡಸರಿಗೆ 40 ಬೇಕಂತೆ, ಹೆಂಗಸರಿಗೆ 50. ಟ್ರೈಗ್ಲಿಸರೈಡ್ 150ರ ಒಳಗಿರಬೇಕು. ಒಟ್ಟು ಅಂಕ ಚೆನ್ನಾಗಿದ್ದು ಎರಡು ವಿಷಯದಲ್ಲಿ ಫೇಲಾದ ಮಗುವಿಗೆ ನಾನು ಏನು ಹೇಳುತ್ತೇನೆ? ಅದನ್ನೇ ಅವರು ನನಗೆ ಹೇಳಿದರು, ಸ್ವಲ್ಪ ಮರ್ಯಾದೆಯಿಂದ.

ನಾನು ಗಣಿತದ ಟೀಚರ್. ತುಮಕೂರು ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದ್ದೇನೆ. ಮಕ್ಕಳಿಗೆ ಮಿಸ್. ಅಂಕಿ ಕಂಡರೆ ಸುಮ್ಮನಿರೋಕೆ ಆಗಲ್ಲ. ಆವತ್ತು ರಾತ್ರಿ ಕೆಂಪು ಪೆನ್ನು ಹಿಡಿದು ಕೂತೆ. ಆಗ ಗೊತ್ತಾಯಿತು, ರಿಪೋರ್ಟಿನಲ್ಲಿ ನನ್ನ 'ಕೆಟ್ಟ ಕೊಲೆಸ್ಟ್ರಾಲ್' ಎಲ್‌ಡಿಎಲ್ 104 ಅಂತ ಇದೆಯಲ್ಲ, ಅದನ್ನು ಯಾರೂ ಅಳೆದಿಲ್ಲ. ಅದು ಅಳೆದದ್ದಲ್ಲ, ಕಳೆದದ್ದು. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯಿರಿ, ಉಳಿದದ್ದೇ ಎಲ್‌ಡಿಎಲ್. 198ರಿಂದ 36 ಹೋಯಿತು, 58 ಹೋಯಿತು, 104 ಉಳಿಯಿತು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಕೊಟ್ಟ ಸೂತ್ರ ಇದು. ಇವತ್ತಿಗೂ ಎಷ್ಟೋ ಲ್ಯಾಬ್‌ಗಳಲ್ಲಿ ಇದೇ ಲೆಕ್ಕ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ಕೈಕೊಡುತ್ತದೆ. ಅದಕ್ಕೂ ಮೊದಲೇ, ಆ ಅಂಕಿ ಏರಿದಷ್ಟೂ ಇದನ್ನು ನಂಬೋದು ಕಷ್ಟ.

ಇದಕ್ಕಿಂತ ಸುಲಭವಾದ ಇನ್ನೊಂದು ಕಳೆಯುವ ಲೆಕ್ಕ ಇದೆ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಒಂದನ್ನು ಮಾತ್ರ ಕಳೆದರೆ ಸಿಗೋದು ನಾನ್-ಎಚ್‌ಡಿಎಲ್, ಅಂದ್ರೆ ರಕ್ತನಾಳಕ್ಕೆ ಅಂಟಬಲ್ಲದ್ದೆಲ್ಲ ಸೇರಿದ ಮೊತ್ತ. ಖಾಲಿ ಹೊಟ್ಟೆಯೂ ಬೇಕಿಲ್ಲ. ನನ್ನದು 162. ನನ್ನಂಥವರಿಗೆ ಎಲ್‌ಡಿಎಲ್ 70ರ ಒಳಗೆ, ಇದು 100ರ ಒಳಗೆ ಇರಬೇಕು ಅಂತ ಡಾಕ್ಟ್ರು ಹೇಳಿದ್ದರು. 198ಕ್ಕೆ ಸಮಾಧಾನಪಟ್ಟಿದ್ದವಳಿಗೆ 162 ನೋಡಿ ಸ್ವಲ್ಪ ಬೆವರು ಬಂತು.

104 ಅನ್ನೋದರಲ್ಲೂ ಒಂದು ಮೋಸ ಇದೆ. ನಮ್ಮ ಬಿ.ಎಚ್. ರಸ್ತೆಯನ್ನೇ ನೆನೆಸಿಕೊಳ್ಳಿ. ನೂರು ಜನ ಎರಡು ಬಸ್ಸಿನಲ್ಲಿ ಹೋಗಬಹುದು, ಮೂವತ್ತು ಆಟೋದಲ್ಲೂ ಹೋಗಬಹುದು. ಜನ ಅಷ್ಟೇ, ರಸ್ತೆ ಜಾಮ್ ಆಗೋದು ಎರಡನೇ ಸಲ. ಲ್ಯಾಬಿನ ಎಲ್‌ಡಿಎಲ್ ಅಂಕಿ ಲೆಕ್ಕ ಹಾಕೋದು ಜನರನ್ನ, ಗಾಡಿಗಳನ್ನಲ್ಲ. ಶುಗರ್ ಜೊತೆಗೆ ಟ್ರೈಗ್ಲಿಸರೈಡ್ ಏರಿದವರಲ್ಲಿ ಎಲ್‌ಡಿಎಲ್ ಕಣಗಳು ಚಿಕ್ಕವಾಗಿ, ಒತ್ತಾಗಿ, ಸಂಖ್ಯೆಯಲ್ಲಿ ಜಾಸ್ತಿ ಆಗುತ್ತವೆ. ಎಲ್ಲ ಆಟೋಗಳೇ. ನಾಳದ ಗೋಡೆಯೊಳಗೆ ನುಗ್ಗೋದೂ ಅವಕ್ಕೆ ಸುಲಭ.

ಶುಗರ್‌ಗೂ ಕೊಬ್ಬಿಗೂ ಏನು ಸಂಬಂಧ ಅಂತ 9 ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಇನ್ಸುಲಿನ್ ಅಂದ್ರೆ ಸಕ್ಕರೆ ಇಳಿಸೋದು, ಅಷ್ಟೇ ಅಂದುಕೊಂಡಿದ್ದೆ. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಹೊಟ್ಟೆ, ಸೊಂಟದ ಕೊಬ್ಬಿನ ಉಗ್ರಾಣಕ್ಕೆ ಅದೇ ಕಾವಲು. ಊಟ ಆಗಿದೆ, ಬಾಗಿಲು ಹಾಕಿಕೊ ಅಂತ ಹೇಳೋದು ಅದೇ. ನಮ್ಮಂಥವರ ಮೈಯಲ್ಲಿ ಆ ಮಾತು ಯಾರೂ ಕೇಳಲ್ಲ. ಉಗ್ರಾಣದಿಂದ ಕೊಬ್ಬು ಹಗಲೂ ರಾತ್ರಿ ಸೋರಿ ಲಿವರ್‌ಗೆ ಬರುತ್ತದೆ. ಸಾಲದ್ದಕ್ಕೆ, ತಿಂದ ಪಿಷ್ಟದಲ್ಲಿ ಮಿಕ್ಕಿದ್ದನ್ನು ಲಿವರ್ ತಾನೇ ಕೊಬ್ಬು ಮಾಡುತ್ತದೆ. ಎರಡನ್ನೂ ಮೂಟೆ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಆ ಮೂಟೆಗಳೇ ರಿಪೋರ್ಟಿನ ಟ್ರೈಗ್ಲಿಸರೈಡ್. ಮೂಟೆ ಹೆಚ್ಚಾದಾಗ ಎಚ್‌ಡಿಎಲ್ ಕಣಗಳು ತಮ್ಮ ಕೊಲೆಸ್ಟ್ರಾಲ್ ಕೊಟ್ಟು ಆ ಕೊಬ್ಬನ್ನು ಹೊರುತ್ತವೆ, ಬೇಗ ಸವೆದು ಹೋಗುತ್ತವೆ. ಅದಕ್ಕೇ ಇದು ಬಾವಿಯ ಏತದ ಹಾಗೆ. ಒಂದು ತುದಿ ಮೇಲೆ ಹೋದರೆ ಇನ್ನೊಂದು ಕೆಳಗೆ.

ಇದು ನನ್ನೊಬ್ಬಳ ಕಥೆ ಅಲ್ಲ. ದೇಶದ ಶುಗರ್ ಲೆಕ್ಕ ಹಾಕೋ ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನದ ಮೊದಲ ಹಂತದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಜನರ ರಕ್ತ ನೋಡಿದ್ದರು. ಶುಗರ್ ಇದ್ದವರು, ಇಲ್ಲದವರು ಎಲ್ಲ ಸೇರಿ. 2014ರಲ್ಲಿ ಬಂದ ವರದಿ ಪ್ರಕಾರ ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ. 13.9. ಎಚ್‌ಡಿಎಲ್ ಕಡಿಮೆ ಇದ್ದವರು ಶೇ. 72.3. ಟೋಟಲ್ ನೋಡಿ ಸಮಾಧಾನಪಡೋ ಮನೆಗಳು ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

ಸರಿ, ಕೊಬ್ಬು ಎಲ್ಲಿಂದ ಬಂತು? ನಮ್ಮ ಮನೆಯಲ್ಲಿ ಅನುಮಾನ ನೇರ ಎಣ್ಣೆ ಡಬ್ಬದ ಮೇಲೆ ಹೋಯಿತು. ಒಗ್ಗರಣೆಗೆ ಎಣ್ಣೆ ಅಳೆದು ಹಾಕೋ ಕಾಲ ಬಂತು. ಚಪಾತಿ ಒಣಗಿದ ಎಲೆಯಂತಾಯಿತು. ಕಡ್ಲೆಕಾಯಿ ಬೀಜದ ಡಬ್ಬ ಅಟ್ಟಕ್ಕೆ ಹೋಯಿತು. ಆದರೆ ಡಾಕ್ಟ್ರು ಎಣ್ಣೆ ವಿಷಯ ಎತ್ತಲೇ ಇಲ್ಲ. "ನಿನ್ನೆ ಬೆಳಗ್ಗೆಯಿಂದ ಏನೇನು ತಿಂದ್ರಿ, ಹೇಳಿ" ಅಂದರು.

ಹೇಳಿದೆ. ಬೆಳಗ್ಗೆ ಎರಡು ತಟ್ಟೆ ಇಡ್ಲಿ. ಹತ್ತೂವರೆಗೆ ಸಕ್ಕರೆ ಇಲ್ಲದ ಟೀ, ಜೊತೆಗೆ ನಾಲ್ಕು ಮಾರಿ ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ. ಅದಕ್ಕೂ ಮೊದಲು ಮಕ್ಕಳ ಬಿಸಿಯೂಟದ ರುಚಿ ನೋಡಬೇಕು. ಅದು ನಿಯಮ. ಮಕ್ಕಳಿಗೆ ಬಡಿಸೋ ಮುಂಚೆ ಟೀಚರ್ ತಿಂದು ನೋಡಬೇಕು. ನಿಯಮದಲ್ಲಿ ರುಚಿ ಅಂತಿದೆ, ನಮ್ಮ ಅಡುಗೆಯಕ್ಕ ತಟ್ಟೆ ತುಂಬ ಕೊಡುತ್ತಿದ್ದಳು. ಬಿಸಿ ಅನ್ನ, ಬಿಸಿ ಸಾಂಬಾರು. ಬೇಡ ಅನ್ನೋಕೆ ನನಗೂ ಬಾಯಿ ಬರುತ್ತಿರಲಿಲ್ಲ. ಸಂಜೆ ಮತ್ತೆ ಟೀ, ರಸ್ಕು. ರಾತ್ರಿ ಸೀರಿಯಲ್ ಮುಗಿದ ಮೇಲೆ ಮುದ್ದೆ, ಅದರ ಮೇಲೆ ಒಂದಿಷ್ಟು ಅನ್ನ ಮಜ್ಜಿಗೆ. ಶನಿವಾರ ಒಪ್ಪತ್ತು ಅಂತಲೂ ಸೇರಿಸಿದೆ, ಸ್ವಲ್ಪ ಹೆಮ್ಮೆಯಿಂದ. "ಒಪ್ಪತ್ತಿನ ರಾತ್ರಿ ಏನ್ ತಿಂತೀರಾ?" "ಉಪ್ಪಿಟ್ಟು, ಇಲ್ಲಾಂದ್ರೆ ಅವಲಕ್ಕಿ." ಅವರು ನಗಲಿಲ್ಲ, ಬರೆದುಕೊಂಡರು.

ಎಲ್ಲವೂ ಒಂದೇ ಜಾತಿ. ಅಕ್ಕಿ, ರವೆ, ಮೈದಾ, ರಾಗಿ. ಸಕ್ಕರೆ ಬಿಟ್ಟಿದ್ದೆ, ಸಕ್ಕರೆ ಆಗೋದನ್ನೆಲ್ಲ ಇಟ್ಟುಕೊಂಡಿದ್ದೆ. ಮಾತ್ರೆ ಎಚ್‌ಬಿಎ1ಸಿಯನ್ನ ಹೇಗೋ ಹಿಡಿದಿಟ್ಟಿತ್ತು, ಮಿಕ್ಕಿದ್ದೆಲ್ಲ ಲಿವರ್ ಪಾಲಿಗೆ. ಅದೇ ಇಂಡಿಯಾಬ್‌ನವರು 2025ರಲ್ಲಿ ಹೇಳಿದ್ದು, ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ. 62 ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ ಅಂತ. ನನ್ನ ತಟ್ಟೆಯಲ್ಲಿ ಅದಕ್ಕೂ ಜಾಸ್ತಿ ಇದ್ದಿರಬೇಕು.

ರಾಗಿ ಬಗ್ಗೆ ಒಂದು ಮಾತು. ಅತ್ತೆ ಇದನ್ನು ಓದಲ್ಲ ಅಂತ ಧೈರ್ಯ. ರಾಗಿ ಒಳ್ಳೆಯದೇ. ಅಕ್ಕಿಗಿಂತ ನಾರು ಜಾಸ್ತಿ, ಕ್ಯಾಲ್ಸಿಯಂ ತುಂಬ ಜಾಸ್ತಿ. ಆದರೆ ರಾಗಿಹಿಟ್ಟಿನಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಶುಗರ್‌ಗೆ ರಾಗಿ ಒಳ್ಳೇದು ಅನ್ನೋ ಒಂದು ಮಾತು ಹಿಡಿದುಕೊಂಡು ನಾವು ಮುದ್ದೆಯನ್ನು ಔಷಧಿ ಲೆಕ್ಕದಲ್ಲಿ ನುಂಗುತ್ತೇವೆ. ಔಷಧಿಗಾದರೆ ಡೋಸ್ ಇರುತ್ತದೆ, ಮುದ್ದೆಗೆ ಯಾರು ಇಟ್ಟಿದ್ದಾರೆ?

ತಮಾಷೆ ಏನಂದ್ರೆ ಇದಕ್ಕೆ ಪರಿಹಾರವೂ ಅದೇ ಒಲೆಯ ಮೇಲಿತ್ತು. ಬಸ್ಸಾರು. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ನೀರು ಬಸಿದು ಸಾರು ಮಾಡುತ್ತೇವೆ, ಬಸಿದ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ನಾರು, ಪ್ರೋಟೀನು ಎಲ್ಲ ಇರೋದು ಆ ಪಲ್ಯದಲ್ಲಿ. ನಾವು ಮಾಡುತ್ತಿದ್ದದ್ದು ಏನು? ಸಾರು ಎರಡು ಸೌಟು, ಪಲ್ಯ ಉಪ್ಪಿನಕಾಯಿಯಷ್ಟು. ಮಿಕ್ಕ ಪಲ್ಯ ಬೆಳಗ್ಗೆ ಹಸುವಿಗೆ. ಹಸುವಿನ ಲಿಪಿಡ್ ಪ್ರೊಫೈಲ್ ಚೆನ್ನಾಗಿದ್ದಿರಬೇಕು. ಈಗ ನಾನು ಪಲ್ಯವನ್ನು ಅನ್ನದ ಹಾಗೆ ಬಡಿಸಿಕೊಳ್ಳುತ್ತೇನೆ, ಮುದ್ದೆಯನ್ನು ಪಲ್ಯದ ಹಾಗೆ. ಮುದ್ದೆ ಕಿತ್ತಳೆಯಿಂದ ನಿಂಬೆ ಗಾತ್ರಕ್ಕೆ ಇಳಿದಿದೆ. ಮೊದಲ ಎರಡು ವಾರ ರಾತ್ರಿ ಹನ್ನೊಂದಕ್ಕೆ ಹಸಿವಾಗಿ ಸಿಟ್ಟು ಬರುತ್ತಿತ್ತು. ಸಿಟ್ಟು ಯಾರ ಮೇಲೆ ಹೋಗುತ್ತಿತ್ತು ಅಂತ ಯಜಮಾನ್ರನ್ನ ಕೇಳಬೇಕು.

ಎಣ್ಣೆ ಪೂರ್ತಿ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. 'ಕೊಲೆಸ್ಟ್ರಾಲ್ ಫ್ರೀ' ಅಂತ ಪ್ಯಾಕೆಟ್ ಮೇಲೆ ಬರೆದಿರೋದಕ್ಕೆ ಅರ್ಥವಿಲ್ಲ, ಅಷ್ಟೇ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರಲ್ಲ. ನಲ್ಲಿ ನೀರಿನ ಮೇಲೆ 'ಮೂಳೆ ಇಲ್ಲ' ಅಂತ ಬರೆದ ಹಾಗೆ. ನೋಡಬೇಕಾದ್ದು ಎಣ್ಣೆಯೊಳಗಿನ ಕೊಬ್ಬಿನ ಜಾತಿಯನ್ನು. ಇನ್ನು ತೆಂಗು. ಕಲ್ಪತರು ನಾಡಿನವಳಾಗಿ ಇದನ್ನು ಬರೆಯೋಕೆ ಕೈ ನಡುಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಶೇ. 90ರ ಹತ್ತಿರ ಸ್ಯಾಚುರೇಟೆಡ್ ಕೊಬ್ಬು. ಎಚ್‌ಡಿಎಲ್ ಏರಿಸುತ್ತದೆ ನಿಜ, ಎಲ್‌ಡಿಎಲ್ಲನ್ನೂ ಏರಿಸುತ್ತದೆ. ಚಟ್ನಿಗೆ ತುರಿದ ಹಸಿಕಾಯಿ ಬೇರೆ ಮಾತು, ಅದು ಮಿತವಾಗಿ ನಡೆದಿದೆ. ಕೊಬ್ಬರಿ ಎಣ್ಣೆ ಮಾತ್ರ ತಲೆಗೆ. ಅಟ್ಟದಿಂದ ಕಡ್ಲೆಕಾಯಿ ಬೀಜ ಕೆಳಗಿಳಿಯಿತು, ದಿನಕ್ಕೆ ಒಂದು ಹಿಡಿ, ಹುರಿದದ್ದು. ಪಾವಗಡದ ಸಹೋದ್ಯೋಗಿಯೊಬ್ಬರು ಊರಿನಿಂದ ತಂದುಕೊಡುತ್ತಾರೆ. ಹತ್ತೂವರೆಯ ಬಿಸ್ಕತ್ತಿನ ಜಾಗ ಅದಕ್ಕೆ ಸಿಕ್ಕಿದೆ. ಬೇಕರಿ ಪಫ್ ಬಿಟ್ಟಿದ್ದೇನೆ. ವನಸ್ಪತಿಯಲ್ಲಿ ಬರುತ್ತಿದ್ದ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸೋ ಎರಡು ಬಾಯಿ ಕತ್ತಿ. 2022ರ ಜನವರಿಯಿಂದ ಅದು ಎಣ್ಣೆ-ಕೊಬ್ಬಿನಲ್ಲಿ ಶೇ. 2 ಮೀರಬಾರದು ಅಂತ ಕಾನೂನಿದೆ. ಆದರೂ ಪಫ್‌ನ ಮೈದಾ ಎಲ್ಲೂ ಹೋಗಿಲ್ಲವಲ್ಲ. ಕುಡಿಯೋರಿಗೆ ಮಾತ್ರ ಒಂದು ಮಾತು: ಟ್ರೈಗ್ಲಿಸರೈಡ್ ಏರಿಸೋದರಲ್ಲಿ ಅನ್ನಕ್ಕಿಂತ ಹೆಂಡ ಚುರುಕು. ಬೀಡಿ, ಸಿಗರೇಟು ಎಚ್‌ಡಿಎಲ್ ಇಳಿಸುತ್ತವೆ.

ಊಟಕ್ಕಿಂತ ನನಗೆ ಆಶ್ಚರ್ಯ ಆದದ್ದು ಕುರ್ಚಿ ವಿಷಯ. 25 ವರ್ಷ ನಾನು ನಿಂತೇ ಪಾಠ ಮಾಡಿದವಳು. ಬೋರ್ಡಿನಿಂದ ಕೊನೇ ಬೆಂಚಿಗೆ, ಕೊನೇ ಬೆಂಚಿನಿಂದ ಬೋರ್ಡಿಗೆ. ನಾಲ್ಕು ವರ್ಷದ ಹಿಂದೆ ಪ್ರಭಾರ ಮುಖ್ಯ ಶಿಕ್ಷಕಿ ಅಂತ ಮಾಡಿದರು. ಆವತ್ತಿನಿಂದ ಕೂತೆ. ಮಕ್ಕಳ ವಿವರ ತುಂಬೋ ಸ್ಯಾಟ್ಸ್ ಎಂಟ್ರಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೇಲಿನವರು ಕೇಳಿದ ಮಾಹಿತಿ, ಅದನ್ನೇ ಮತ್ತೆ ಬೇರೆ ನಮೂನೆಯಲ್ಲಿ. ಹಳೇ ರಿಪೋರ್ಟುಗಳನ್ನು ಹುಡುಕಿ ಸಾಲಾಗಿ ಇಟ್ಟು ನೋಡಿದೆ. ಟ್ರೈಗ್ಲಿಸರೈಡ್ ಏರೋಕೆ ಶುರುವಾದದ್ದು ಹೆಚ್ಚುಕಡಿಮೆ ಆ ವರ್ಷದಿಂದಲೇ. ಸೊಂಟ ಆಗಲೇ 94 ಸೆಂಟಿಮೀಟರ್ ಆಗಿತ್ತು. ನಮ್ಮ ದೇಶದ ಹೆಂಗಸರಿಗೆ ಗಡಿ 80, ಗಂಡಸರಿಗೆ 90.

ರಕ್ತದಲ್ಲಿ ಓಡಾಡೋ ಆ ಕೊಬ್ಬಿನ ಮೂಟೆಗಳನ್ನು ಬಿಚ್ಚೋಕೆ ಒಂದು ಕಿಣ್ವ ಬೇಕು. ಅದು ಕೂತಿರೋದು ಸ್ನಾಯುಗಳ ಸಣ್ಣ ರಕ್ತನಾಳಗಳ ಗೋಡೆಯಲ್ಲಿ. ಕಾಲು ಆಡಿದರೆ ಅದು ಕೆಲಸ ಮಾಡುತ್ತದೆ. ಗಂಟೆಗಟ್ಟಲೆ ಕೂತರೆ ಅದೂ ಸರ್ಕಾರಿ ಕಚೇರಿಯ ಹಾಗೆ ಆಗುತ್ತದೆ. ಸರ್ಕಾರಿ ನೌಕರಳಾಗಿ ಈ ಮಾತು ಹೇಳೋ ಹಕ್ಕು ನನಗಿದೆ. ಶುಗರ್ ಇದ್ದರೆ ಆ ಕಿಣ್ವ ಮೊದಲೇ ಮಂದ. ಹಾಗಾಗಿ ಬೆಳಗ್ಗೆ ಒಂದು ಗಂಟೆ ಅಮಾನಿಕೆರೆ ಸುತ್ತಿ ಬಂದು ಆಮೇಲೆ ಎಂಟು ಗಂಟೆ ಕೂತರೆ ಲೆಕ್ಕ ಸರಿಹೋಗಲ್ಲ. ನಾನು ಮಾಡಿದ್ದು ಸಣ್ಣ ಕೆಲಸ. ದಿನಕ್ಕೆ ಎರಡು ಪೀರಿಯಡ್ ಗಣಿತ ವಾಪಸ್ ತೆಗೆದುಕೊಂಡೆ. ಹಾಜರಾತಿ ಪುಸ್ತಕ ನನ್ನ ರೂಮಿಗೆ ತರಿಸಿಕೊಳ್ಳೋದು ಬಿಟ್ಟು ನಾನೇ ತರಗತಿಗಳಿಗೆ ಹೋಗಿ ನೋಡುತ್ತೇನೆ. ರಾತ್ರಿ ಊಟ ಎಂಟಕ್ಕೆ, ಆಮೇಲೆ ಕಾಲು ಗಂಟೆ ಬೀದಿಯಲ್ಲಿ ನಡಿಗೆ. ಅತ್ತೆಗೆ ಇದು ಇಷ್ಟವಿಲ್ಲ. ಉಂಡ ಮೇಲೆ ಮಲಗಬಾರದು ಅಂತ ಅವರೇ ಹೇಳುತ್ತಿದ್ದರು, ನಡೀಬೇಕು ಅಂತ ಹೇಳಿರಲಿಲ್ಲವಂತೆ.

ಈಗ ತಪ್ಪೊಪ್ಪಿಗೆ. ಮೊದಲ ದಿನವೇ ಡಾಕ್ಟ್ರು ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬರೆದಿದ್ದರು. ಅಟೋರ್ವಾಸ್ಟ್ಯಾಟಿನ್ 20. ನಾನು ತಂದೆ, ಬೀರುವಿನಲ್ಲಿಟ್ಟೆ, ನುಂಗಲಿಲ್ಲ. ಲಿವರ್ ಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಶುಗರ್ ಏರಿಸುತ್ತೆ ಅಂತ ಇನ್ನೊಬ್ಬರು ಅಂದರು. ಎಲ್ಲಕ್ಕಿಂತ ದೊಡ್ಡದು ನನ್ನ ಹಟ: ಪಥ್ಯದಲ್ಲೇ ಮಾಡಿ ತೋರಿಸ್ತೀನಿ. ಯಜಮಾನ್ರು ಹೇಳಿದ ಆ ಇನ್ನೊಂದು ಕೊಬ್ಬು ಇದೇ ಇರಬೇಕು.

ನಾಲ್ಕು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಐದು ಕೆಜಿ ಇಳಿದಿದ್ದೆ. ಟ್ರೈಗ್ಲಿಸರೈಡ್ 290ರಿಂದ 176. ಎಚ್‌ಡಿಎಲ್ 36ರಿಂದ 39. ಒಟ್ಟು 183. ಲ್ಯಾಬ್‌ನಲ್ಲೇ ನಿಂತು ಕಳೆದೆ: 183ರಲ್ಲಿ 39 ಹೋಯಿತು, 35 ಹೋಯಿತು, ಉಳಿದದ್ದು 109. ಎಲ್‌ಡಿಎಲ್ ಇಳಿಯೋದಿರಲಿ, ಐದು ಏರಿತ್ತು! ಇನ್ನೊಮ್ಮೆ ಕಳೆದೆ. ಅದೇ ಬಂತು.

ಡಾಕ್ಟ್ರು ರಿಪೋರ್ಟ್ ನೋಡಿ, ನನ್ನ ಮುಖ ನೋಡಿ, "ಮಾತ್ರೆ ತಗೊಂಡಿಲ್ಲ ಅಲ್ವಾ ಮೇಡಂ?" ಅಂದರು. ಹೋಂವರ್ಕ್ ಮಾಡದೆ ಬಂದ ಮಗು ಹೇಗೆ ನಿಲ್ಲುತ್ತದೆ ಅಂತ ಈಗ ನನಗೆ ಚೆನ್ನಾಗಿ ಗೊತ್ತು. ಟ್ರೈಗ್ಲಿಸರೈಡ್ ಇಳಿದಾಗ ಎಲ್‌ಡಿಎಲ್ ಕೊಂಚ ಏರೋದು ಉಂಟಂತೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಅದನ್ನು ನನ್ನ ಮುದ್ದೆ-ಪಲ್ಯ 70ಕ್ಕೆ ತರಲ್ಲ. ಮೈಯ ಕೊಲೆಸ್ಟ್ರಾಲ್ ಹೆಚ್ಚಿನ ಪಾಲು ತಯಾರಾಗೋದು ಮೈಯೊಳಗೇ.

ಆಮೇಲೆ ಮನೆಗೆ ಬಂದು ಓದಿದೆ. ಓದಿದಷ್ಟೂ ನನ್ನ ಹಟ ಸಣ್ಣದಾಯಿತು. ಅಮೆರಿಕದಲ್ಲಿ ಲುಕ್ ಅಹೆಡ್ ಅಂತ ಒಂದು ದೊಡ್ಡ ಪ್ರಯೋಗ. ತೂಕ ಹೆಚ್ಚಿದ್ದ ಶುಗರ್‌ನವರು 5,145 ಜನ. ಅರ್ಧ ಜನಕ್ಕೆ ಕಟ್ಟುನಿಟ್ಟಿನ ಊಟ, ವ್ಯಾಯಾಮ. ತೂಕ ಇಳಿಯಿತು, ಶುಗರ್ ಸುಧಾರಿಸಿತು, ಎಚ್‌ಡಿಎಲ್ ಏರಿತು. ಹೃದಯಾಘಾತ, ಪಾರ್ಶ್ವವಾಯು ಮಾತ್ರ ಇನ್ನೊಂದು ಗುಂಪಿಗಿಂತ ಕಡಿಮೆ ಆಗಲಿಲ್ಲ. 2012ರಲ್ಲಿ ನಿಲ್ಲಿಸಿದರು. ಆ ಇನ್ನೊಂದು ಗುಂಪಿನವರು ಸ್ಟ್ಯಾಟಿನ್ ಜಾಸ್ತಿ ತಗೊಂಡಿದ್ದರು, ಅವರ ಎಲ್‌ಡಿಎಲ್ ಕಡಿಮೆ ಇತ್ತು. ಇನ್ನೊಂದು ಕಡೆ, 2004ರ ಕಾರ್ಡ್ಸ್ ಪ್ರಯೋಗ. ಹೃದಯದ ಕಾಯಿಲೆ ಇನ್ನೂ ಕಾಣಿಸಿಕೊಳ್ಳದ ಶುಗರ್‌ನವರಿಗೆ ದಿನಾ 10 ಮಿಲಿಗ್ರಾಂ ಅಟೋರ್ವಾಸ್ಟ್ಯಾಟಿನ್ ಕೊಟ್ಟಾಗ ದೊಡ್ಡ ಆಘಾತಗಳು ಶೇ. 37 ಕಡಿಮೆ ಆದವು. ಸ್ಟ್ಯಾಟಿನ್ ಶುಗರ್ ಏರಿಸೋದು ಸುಳ್ಳಲ್ಲ, ತುಸು ಏರಿಸುತ್ತದೆ. ಕೊಡೋದು ಅದಕ್ಕಿಂತ ಜಾಸ್ತಿ.

ಹಾಗಾದರೆ ಎಲ್ಲಕ್ಕೂ ಮಾತ್ರೆಯೇ ಸಾಕಲ್ಲ ಅನ್ನಬಹುದು. ಟ್ರೈಗ್ಲಿಸರೈಡ್ ವಿಷಯದಲ್ಲಿ ಅದನ್ನೂ ನೋಡಿದ್ದಾರೆ. ಪ್ರಾಮಿನೆಂಟ್ ಅನ್ನೋ ಪ್ರಯೋಗದಲ್ಲಿ 10,000ಕ್ಕೂ ಹೆಚ್ಚು ಶುಗರ್‌ನವರಿದ್ದರು. ಪೆಮಾಫೈಬ್ರೇಟ್ ಅನ್ನೋ ಮಾತ್ರೆ ಟ್ರೈಗ್ಲಿಸರೈಡನ್ನು ಶೇ. 26ರಷ್ಟು ಇಳಿಸಿತು. 2022ರಲ್ಲಿ ಫಲಿತಾಂಶ ಬಂದಾಗ ಹೃದಯಾಘಾತ ಒಂದಿಷ್ಟೂ ಕಡಿಮೆ ಆಗಿರಲಿಲ್ಲ. ನನಗೆ ಇದು ಅರ್ಥವಾಗೋದು ಹೀಗೆ: ಉತ್ತರ ಮಾತ್ರ ತಿದ್ದಿದರೆ ಲೆಕ್ಕ ಸರಿಯಾಗಲ್ಲ, ಮೇಲಿನ ಹೆಜ್ಜೆಗಳು ತಪ್ಪೇ ಉಳಿದಿರುತ್ತವೆ. ನನ್ನ ಮಟ್ಟಿಗೆ ಆ ಹೆಜ್ಜೆಗಳು ಅಂದ್ರೆ ತಟ್ಟೆ, ಕುರ್ಚಿ, ಸೊಂಟ.

ಸ್ಟ್ಯಾಟಿನ್ ಹುಟ್ಟಿದ ಕಥೆ ಓದಿದ ಮೇಲೆ ಆ ಮಾತ್ರೆ ಮೇಲೆ ನನಗೆ ಪ್ರೀತಿಯೇ ಬಂದಿದೆ. ಜಪಾನಿನ ಅಕಿರಾ ಎಂಡೊ ಅನ್ನೋ ವಿಜ್ಞಾನಿ 1970ರ ದಶಕದ ಶುರುವಿನಲ್ಲಿ ಸುಮಾರು 6,000 ಬೂಷ್ಟು-ಶಿಲೀಂಧ್ರಗಳನ್ನು ಜಾಲಾಡಿದರು. ಕೊನೆಗೆ ಈ ಜಾತಿಯ ಮೊದಲ ವಸ್ತು ಸಿಕ್ಕಿದ್ದು ಒಂದು ನೀಲಿ-ಹಸಿರು ಬೂಷ್ಟಿನಲ್ಲಿ. ಆ ಬೂಷ್ಟು ಎಲ್ಲಿತ್ತು ಗೊತ್ತಾ? ಕ್ಯೋಟೊದ ಒಂದು ಧಾನ್ಯದ ಅಂಗಡಿಯ ಅಕ್ಕಿಯಲ್ಲಿ. ಕಳ್ಳನೂ ಅಕ್ಕಿ ಮೂಟೆಯಲ್ಲಿ, ಪೊಲೀಸನೂ ಅಕ್ಕಿ ಮೂಟೆಯಲ್ಲಿ.

ಬೀರುವಿನ ಮಾತ್ರೆ ನುಂಗೋಕೆ ಶುರು ಮಾಡಿದ ಮೇಲೆ ಈ ಫೆಬ್ರವರಿಯ ರಿಪೋರ್ಟು: ಒಟ್ಟು 139, ಎಚ್‌ಡಿಎಲ್ 41, ಟ್ರೈಗ್ಲಿಸರೈಡ್ 160. ಕಳೆದರೆ ಎಲ್‌ಡಿಎಲ್ 66. ಎಚ್‌ಡಿಎಲ್ ಇನ್ನೂ ಫೇಲು, ಟ್ರೈಗ್ಲಿಸರೈಡ್ ಹತ್ತು ಅಂಕದಲ್ಲಿ ಫೇಲು. ಸಂಕ್ರಾಂತಿಯ ಎಳ್ಳು-ಬೆಲ್ಲ, ಅವರೆಕಾಯಿ ಕಾಲ, ಮದುವೆ ಮನೆಯ ಒಬ್ಬಟ್ಟು, ನಾನೇನೂ ಸನ್ಯಾಸಿನಿ ಆಗಿಲ್ಲ. ಅಡುಗೆಯಕ್ಕ ಈಗ ಬಿಸಿಯೂಟವನ್ನು ಟಿಫನ್ ಡಬ್ಬಿಯ ಮುಚ್ಚಳದಲ್ಲಿ ಎರಡು ಚಮಚ ಹಾಕಿ ಕೊಡುತ್ತಾಳೆ. ಕೊಡುವಾಗ ಮುಖ ಮಾತ್ರ ಇನ್ನೂ ಗಂಟಿಕ್ಕಿಕೊಂಡಿರುತ್ತಾಳೆ.

ಹೋದ ವಾರ ಯಜಮಾನ್ರದ್ದೂ ರಕ್ತಪರೀಕ್ಷೆ ಆಯಿತು. ಅವರಿಗೂ ಶುಗರ್ ಗಡಿಯಲ್ಲಿದೆ. ರಿಪೋರ್ಟ್ ಓದಿ, ಮಡಚಿ, ಅಂಗಿಯ ಜೇಬಿಗಿಟ್ಟುಕೊಂಡರು. "ಎಲ್ಲ ನಾರ್ಮಲ್ ಕಣೆ. ಟೋಟಲ್ 186."

"ಕೊಡಿ ಇಲ್ಲಿ" ಅಂದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು.